25 ಸಾವಿರದೊಳಗೆ ಒಂದು ಕಂಪ್ಯೂಟರ್

2025ರ ದೀಪಾವಳಿ ಕಳೆದ ಮೇಲೆ ಗೆಳತಿಯೊಬ್ಬಳು ಫೋನ್ ಮಾಡಿದಳು. ಮಾಗಡಿ ಕಡೆಯ ಒಂದು ಪುಟ್ಟ ಟ್ರಸ್ಟ್ ಶಾಲೆಗೆ ಅವಳು ಶನಿವಾರ ಪಾಠ ಮಾಡೋಕೆ ಹೋಗ್ತಾಳೆ. "ಶಾಲೆ ಆಫೀಸಿನ ಕಂಪ್ಯೂಟರ್ ಸತ್ತೇಹೋಯ್ತು ಕಣೋ. ಟ್ರಸ್ಟ್ ಹತ್ರ 25 ಸಾವಿರದ ಮೇಲೆ ಒಂದು ರೂಪಾಯಿ ಇಲ್ಲ. ನಮ್ಮ ಕಂಪನಿಯಲ್ಲಿ ಹಳೇ ಡೆಸ್ಕ್‌ಟಾಪ್‌ಗಳನ್ನ ಪುಕ್ಕಟೆ ಕೊಡ್ತಾ ಇದಾರೆ. ಅದನ್ನೇ ಒಯ್ದು ಕೊಟ್ಟುಬಿಡ್ಲಾ?"

ತಕ್ಷಣ "ಕೊಡು" ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಶಾಲೆಗೊಂದು ಅಗ್ಗದ ಕಂಪ್ಯೂಟರ್ ಅನ್ನೋ ಪ್ರಶ್ನೆಗೆ ನಮ್ಮ ದೇಶದಲ್ಲಿ 40 ವರ್ಷ ವಯಸ್ಸಾಗಿದೆ. ಪ್ರತಿಸಲ ಕೊಟ್ಟ ಉತ್ತರವೂ ಆ ಹೊತ್ತಿಗೆ ಸರಿಯಾಗೇ ಕಂಡಿತ್ತು.

ಕಥೆ ಶುರುವಾಗೋದು 1981ರಲ್ಲಿ. ಆ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಐಬಿಎಂ ಪಿಸಿ ಬಂತು, ಡಿಸೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಬಿಬಿಸಿ ಮೈಕ್ರೋ. ಎರಡನೆಯದು ಜನರಿಗೆ ಕಂಪ್ಯೂಟರ್ ಕಲಿಸೋಕೆ ಹೊರಟ ಟಿವಿ ಕಾರ್ಯಕ್ರಮಕ್ಕೆ ಜೋಡಿಯಾಗಿ ಕೇಂಬ್ರಿಜ್‌ನ ಏಕಾರ್ನ್ ಕಂಪನಿ ಮಾಡಿಕೊಟ್ಟ ಯಂತ್ರ. 32 ಕೆಬಿ ಮೆಮೊರಿ, 2 ಮೆಗಾಹರ್ಟ್ಸ್ ಪ್ರೊಸೆಸರ್. ವಾಟ್ಸಾಪಿನಲ್ಲಿ ಬರೋ ಗುಡ್ ಮಾರ್ನಿಂಗ್ ಚಿತ್ರ ಕೂಡ ಅದರಲ್ಲಿ ಹಿಡಿಸೋದು ಕಷ್ಟ. ಆದರೆ ಮಕ್ಕಳ ಕೈಗೆ ಸಿಕ್ಕರೂ ಬಾಳುವಂಥ ಗಟ್ಟಿ ಮಾಲು; ಬೆಲೆಯೂ ಐಬಿಎಂಗಿಂತ ಎಷ್ಟೋ ಕಡಿಮೆ.

1984-85ರಲ್ಲಿ ಭಾರತ ಸರ್ಕಾರ 'ಕ್ಲಾಸ್' ಅನ್ನೋ ಯೋಜನೆ ತಂದು ಪ್ರಯೋಗಕ್ಕೆ ಅಂತ 250 ಪ್ರೌಢಶಾಲೆಗಳನ್ನು ಆರಿಸಿಕೊಂಡಿತು. ಆ ಶಾಲೆಗಳಿಗೆ ಬಂದದ್ದು ಇದೇ ಬಿಬಿಸಿ ಮೈಕ್ರೋ. ಅಂದಿನ ಬೆಲೆ ಪಟ್ಟಿ ಇಟ್ಟುಕೊಂಡು ಕೂತಿದ್ದರೆ ನಾನೂ ನೀವೂ ಅದನ್ನೇ ಆರಿಸುತ್ತಿದ್ದೆವು.

ಬೆಲೆ ಪಟ್ಟಿಯಲ್ಲಿ ಕಾಣದ ಸಂಗತಿ ಒಂದಿತ್ತು. ಐಬಿಎಂನವರು ಅವಸರದಲ್ಲಿ ತಮ್ಮ ಪಿಸಿಯನ್ನು ಮಾರುಕಟ್ಟೆಯಲ್ಲಿ ಸಿಗುವ ಬಿಡಿಭಾಗಗಳಿಂದಲೇ ಕಟ್ಟಿದ್ದರು. ಹಾಗಾಗಿ ಬೇರೆಯವರೂ ಅದರ ನಕಲು ಮಾಡೋದು ಸಾಧ್ಯವಾಯ್ತು. ವರ್ಷಗಳು ಕಳೆದಂತೆ ತೈವಾನಿನ ಬೋರ್ಡು, ಇನ್ಯಾರದೋ ಡಿಸ್ಕು, ಮತ್ಯಾರದೋ ಕ್ಯಾಬಿನೆಟ್ಟು ಸೇರಿಸಿ ನಮ್ಮ ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ಹುಡುಗರು ಪಿಸಿ ಜೋಡಿಸತೊಡಗಿದರು. ಬಿಬಿಸಿ ಮೈಕ್ರೋಗೆ ಆ ಭಾಗ್ಯ ಇರಲಿಲ್ಲ. ಕೆಟ್ಟರೆ ಅದರದ್ದೇ ಬಿಡಿಭಾಗ ಬೇಕು, ಅದಕ್ಕೆ ಬರೆದ ತಂತ್ರಾಂಶ ಪಿಸಿಯಲ್ಲಿ ಓಡೋದಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಯೋಜನೆಯನ್ನು ಪರಿಷ್ಕರಿಸಿದಾಗ ಸರ್ಕಾರವೂ ಪಿಸಿಗೆ ಹೊರಳಿತು.

ಆಮೇಲೆ ನಮ್ಮೂರಿನದೇ ಕಥೆ. ಐಐಎಸ್‌ಸಿಯ ಸ್ವಾಮಿ ಮನೋಹರ್, ವಿಜಯ್ ಚಂದ್ರು ಮತ್ತವರ ಜೊತೆಗಾರರು, ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಸೇರಿ 2001ರಲ್ಲಿ ಸಿಂಪ್ಯೂಟರ್ ತೋರಿಸಿದರು. ಕೈಯಲ್ಲಿ ಹಿಡಿಯುವ ಯಂತ್ರ, ಒಳಗೆ ಲಿನಕ್ಸ್, ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಆಸೆ. ಒಂದನ್ನೇ ಹತ್ತಾರು ಜನ ಹಂಚಿಕೊಳ್ಳಲಿ ಅಂತ ಸ್ಮಾರ್ಟ್ ಕಾರ್ಡ್. ಗುರಿಯಿಟ್ಟ ಬೆಲೆ ಸುಮಾರು 9 ಸಾವಿರ ರೂಪಾಯಿ. ಸ್ಮಾರ್ಟ್‌ಫೋನ್ ಇನ್ನೂ ನಮ್ಮ ಕೈಗೆ ಬಂದಿರದ ಕಾಲದಲ್ಲಿ ಇಂಥದ್ದನ್ನು ಯೋಚಿಸಿದವರ ಮೇಲೆ ನನಗೆ ಇವತ್ತಿಗೂ ಗೌರವ. ಆದರೆ ಮಾರಾಟವಾದದ್ದು ಕೆಲವೇ ಸಾವಿರ.

2011ರ ಅಕ್ಟೋಬರ್‌ನಲ್ಲಿ 'ಆಕಾಶ್' ಟ್ಯಾಬ್ಲೆಟ್ ಬಂದದ್ದು ನಿಮಗೂ ನೆನಪಿರಬಹುದು. 256 ಎಂಬಿ ರ‍್ಯಾಮ್, ಬೆರಳಿಟ್ಟು ಒತ್ತಿ ಒತ್ತಿ ಸಾಕಾಗೋ ಪರದೆ. ಪೇಪರಿನಲ್ಲಿ ಬಂದಷ್ಟು ಅದು ತರಗತಿಗೆ ಬರಲಿಲ್ಲ.

ಈ ಮೂರೂ ಯಂತ್ರಗಳ ಮೇಲೆ ಬಂದ ಸುದ್ದಿ ಎಷ್ಟು! ಅಷ್ಟೂ ಕಾಲ ನಮ್ಮ ಸಣ್ಣಪುಟ್ಟ ಶಾಲೆಗಳ ಕೆಲಸ ನಡೆಸಿದ್ದು ಮಾತ್ರ ಆಫೀಸ್ ರೂಮಿನ ಮೂಲೆಯಲ್ಲಿ ಟವೆಲ್ ಹೊದ್ದು ಕೂತ ಹಳೇ ಡೆಸ್ಕ್‌ಟಾಪು. ಲ್ಯಾಬಿಗಾದರೆ ಟೇಪ್ ಕತ್ತರಿಸೋಕೆ ಅತಿಥಿಗಳು ಬರ್ತಾರೆ, ಆಫೀಸ್ ಕಂಪ್ಯೂಟರಿಗೆ ಯಾರು ಬರ್ತಾರೆ? ಟಿಸಿ, ದಾಖಲಾತಿ, ಫೀಸ್ ರಸೀದಿ, ಬಿಇಒ ಕಚೇರಿಗೆ ಪತ್ರ, ಆಡಿಟರ್‌ಗೆ ಲೆಕ್ಕ ಎಲ್ಲ ಅದರಲ್ಲೇ. ಕೆಟ್ಟರೆ ಪಕ್ಕದ ಪೇಟೆಯ ಹುಡುಗ ಬೈಕಿನಲ್ಲಿ ಬಂದು ರ‍್ಯಾಮ್ ತೆಗೆದು, ರಬ್ಬರಿನಲ್ಲಿ ಉಜ್ಜಿ, ಮತ್ತೆ ಸಿಕ್ಕಿಸಿ ಇನ್ನೂರು ರೂಪಾಯಿ ಇಸ್ಕೊಂಡು ಹೋಗ್ತಾನೆ. ಸಿಂಪ್ಯೂಟರಿಗೆ ಸಿಗದೇ ಹೋದದ್ದು ಈ ಹುಡುಗ.

ಹಾಗಾದರೆ ಗೆಳತಿಯ ಕಂಪನಿಯ ಪುಕ್ಕಟೆ ಪಿಸಿಗೆ ನಾನ್ಯಾಕೆ ಅನುಮಾನಪಟ್ಟೆ? ಅದೂ ಮಾಮೂಲಿ ಡೆಸ್ಕ್‌ಟಾಪೇ ಅಲ್ವಾ? ಹೌದು. ಆದರೆ ಈಗ ಯಂತ್ರ ಗಟ್ಟಿಯಾಗಿದ್ದರೂ ಅನಾಥವಾಗೋ ಕಾಲ ಬಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ತನ್ನ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕಂದ್ರೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇರಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ತಲೆಮಾರಿನ, ಅಂದರೆ 2017ರಿಂದ ಈಚಿನ ಪ್ರೊಸೆಸರ್ ಇರಬೇಕು. ಕಂಪನಿಗಳು ಈಗ ದಾನ ಮಾಡ್ತಿರೋ ಯಂತ್ರಗಳಲ್ಲಿ ಎಷ್ಟೋ ಈ ಗೆರೆಯ ಆಚೆಯವು. ಮಕ್ಕಳ ಆಧಾರ್, ಪೋಷಕರ ಬ್ಯಾಂಕ್ ವಿವರ ಇರೋ ಕಂಪ್ಯೂಟರನ್ನು ಭದ್ರತಾ ಅಪ್‌ಡೇಟ್ ಇಲ್ಲದೆ ನೆಟ್ಟಿಗೆ ಹಚ್ಚೋದು ಸರಿಯಲ್ಲ. ನಮಗೆ ಬೇಡವಾದ ಇ-ಕಸವನ್ನು ಶಾಲೆಯ ಜಗಲಿಗೆ ಸಾಗಿಸಿ ಫೋಟೋ ತೆಗೆಸಿಕೊಳ್ಳೋದೂ ಅಷ್ಟೇ.

ಲಿನಕ್ಸ್ ಹಾಕಬಹುದಲ್ಲ ಅಂತ ನೀವು ಕೇಳೇ ಕೇಳ್ತೀರಿ. ಖಂಡಿತ ಹಾಕಬಹುದು, ಕೇರಳದ ಸರ್ಕಾರಿ ಶಾಲೆಗಳು ಹಾಕಿವೆ. ಆದರೆ ಅಲ್ಲಿ ಶಿಕ್ಷಕರಲ್ಲೇ ಕೆಲವರನ್ನು ತರಬೇತುದಾರರನ್ನಾಗಿ ತಯಾರು ಮಾಡಿ, ಉಳಿದವರಿಗೆ ಕಲಿಸೋ ಏರ್ಪಾಡು ಇತ್ತು. ಇಲ್ಲಿ ಇರೋದು ಒಬ್ಬರೇ ಕ್ಲರ್ಕ್ ಮೇಡಂ. ಅವರ ಹತ್ತಾರು ವರ್ಷಗಳ ಪತ್ರಗಳೆಲ್ಲ ನುಡಿಯ ಹಳೇ ಫಾಂಟಿನಲ್ಲಿವೆ. ಅದು ಯೂನಿಕೋಡ್ ಅಲ್ಲ. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಕೊಂಬು, ಚುಕ್ಕೆ ಹಚ್ಚಿದ ಇಂಗ್ಲಿಷ್ ಅಕ್ಷರಗಳ ರಾಶಿ. ಲಿನಕ್ಸ್‌ನಲ್ಲಿ ಯೂನಿಕೋಡ್ ಕನ್ನಡ ಚೆನ್ನಾಗೇ ಟೈಪ್ ಮಾಡಬಹುದು, ಹಳೇ ಕಡತಗಳನ್ನ ಪರಿವರ್ತಿಸಲೂಬಹುದು. ಆದರೆ ಅದನ್ನ ಕೂತು ಮಾಡೋರು ಯಾರು? ಶನಿವಾರ ಬಂದು ಹೋಗೋ ನಾವಲ್ಲ.

ಕೊನೆಗೆ ಪುಕ್ಕಟೆಯದನ್ನು ಬಿಟ್ಟೆವು. ಗ್ಯಾರಂಟಿ ಕೊಡೋ ಅಂಗಡಿಯಲ್ಲಿ 8ನೇ ತಲೆಮಾರಿನ ಒಂದು ಸೆಕೆಂಡ್ ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್ ಸಿಕ್ಕಿತು. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಮಾನಿಟರ್ ಹಳೆಯದೇ. ಉಳಿದ ದುಡ್ಡಲ್ಲಿ ಯುಪಿಎಸ್ ಮತ್ತು ಬ್ಯಾಕಪ್‌ಗೊಂದು ಹೊರಗಿನ ಹಾರ್ಡ್ ಡಿಸ್ಕ್. ವಿಂಡೋಸ್ ಲೈಸೆನ್ಸ್ ಅಸಲಿ ಹೌದಾ ಅಂತ ಬಿಲ್ ಮಾಡಿಸೋ ಮುಂಚೆ ಎರಡೆರಡು ಸಲ ಕೇಳಿದೆವು.

ಶಾಲೆಯಲ್ಲಿ ಜೋಡಿಸಿ ಆನ್ ಮಾಡಿದಾಗ ಗೆಳತಿ ಎಸ್‌ಎಸ್‌ಡಿ ಎಷ್ಟು ಫಾಸ್ಟು ಅಂತ ಮೇಡಂಗೆ ವಿವರಿಸೋಕೆ ಹೊರಟಳು. ಅವರು ಸುಮ್ಮನೆ ಕೇಳಿಸಿಕೊಂಡು, "ಅದೆಲ್ಲ ಸರಿ ಸಾರ್, ನುಡಿ ಹಾಕಿದೀರಾ?" ಅಂತ ನನ್ನ ಕಡೆ ನೋಡಿದರು. ಹಾಕಿದ್ದೆವು. ಆಮೇಲೆ ಡ್ರಾಯರಿನಿಂದ ಒಂದು ಚೀಟಿ ತೆಗೆದು ಮಾನಿಟರ್ ಪಕ್ಕದ ಗೋಡೆಗೆ ಅಂಟಿಸಿದರು. ಪೇಟೆಯ ರಿಪೇರಿ ಹುಡುಗನ ಫೋನ್ ನಂಬರ್.