ಎರಡು ಬಣ್ಣಗಳ ನಡುವಿನ ಅಂತರ

ನಾನು ಓದಿದ್ದು ಮಾಗಡಿ ತಾಲ್ಲೂಕಿನ ಕುದೂರಿನಲ್ಲಿ. ಪ್ರತಿ ಫೆಬ್ರವರಿ 28ಕ್ಕೆ ನಮ್ಮ ಮೇಷ್ಟ್ರು ಸಿ.ವಿ. ರಾಮನ್ ಕಥೆ ಹೇಳುತ್ತಿದ್ದರು. ಕೆಲವೇ ನೂರು ರೂಪಾಯಿಯ ಉಪಕರಣದಿಂದ ನೊಬೆಲ್ ಗೆದ್ದರು ಎನ್ನುವಲ್ಲಿಗೆ ಕಥೆ ಮುಗಿಯುತ್ತಿತ್ತು. ಚಪ್ಪಾಳೆ, ಆಮೇಲೆ ಚಾಕೊಲೇಟು. ರಾಮನ್ ಕಂಡದ್ದೇನು ಎಂದು ನನಗೆ ತಿಳಿದದ್ದು ಕಾಲೇಜಿನಲ್ಲಿ. ಅದು ಮುಂದೆ ಎಲ್ಲೆಲ್ಲಿಗೆ ಹೋಯಿತು ಎಂದು ತಿಳಿದದ್ದು ಇನ್ನೂ ತಡವಾಗಿ.

1928ರಲ್ಲಿ ಕಲ್ಕತ್ತೆಯಲ್ಲಿ ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಪಾದರಸದ ದೀಪದ ಬೆಳಕನ್ನು ದ್ರವಗಳ ಮೂಲಕ ಹಾಯಿಸಿದರು. ಚದುರಿ ಬಂದ ಬೆಳಕಿನಲ್ಲಿ ಮೂಲ ಬಣ್ಣದ ಪಕ್ಕದಲ್ಲೇ ಇನ್ನೊಂದು ಮಂದ ಬಣ್ಣವಿತ್ತು. ಮೂಲ ಬಣ್ಣವನ್ನು ಬದಲಿಸಿದರೆ ಪಕ್ಕದ್ದೂ ಸರಿಯುತ್ತದೆ, ಆದರೆ ಎರಡರ ಆವರ್ತನಗಳ ಅಂತರ ಹಾಗೇ ಉಳಿಯುತ್ತದೆ. ಆ ಅಂತರ ದೀಪದ್ದಲ್ಲ, ಅಣುವಿನದು. ಕಥೆಯ ತಿರುಳು ನೂರು ರೂಪಾಯಿಯಲ್ಲಿಲ್ಲ, ಇಲ್ಲಿದೆ ಎಂದು ನನಗನಿಸುತ್ತದೆ.

1933ರಲ್ಲಿ ರಾಮನ್ ಬೆಂಗಳೂರಿಗೆ ಬಂದರು. 1948ರಲ್ಲಿ ತಮ್ಮದೇ ಸಂಸ್ಥೆ ಆರಂಭಿಸಿದರು. ಅಯಾನುಗಳನ್ನು ಹಿಡಿದಿಟ್ಟು ಅಭ್ಯಾಸ ಮಾಡುವ ಪ್ರಯೋಗಾಲಯ ಇಂದು ಅಲ್ಲೂ ಇದೆ.

ಅಯಾನನ್ನು ಹಿಡಿಯುವ ಬಲೆಯ ಕಥೆ ಮಾತ್ರ ಜರ್ಮನಿಯದು. 1950ರ ದಶಕದಲ್ಲಿ ವುಲ್ಫ್‌ಗ್ಯಾಂಗ್ ಪಾಲ್ ಬೇಗಬೇಗ ದಿಕ್ಕು ಬದಲಿಸುವ ವಿದ್ಯುತ್ ಕ್ಷೇತ್ರದಲ್ಲಿ ಅಯಾನುಗಳನ್ನು ನಿಲ್ಲಿಸುವ ಉಪಾಯ ಕಂಡುಕೊಂಡರು. 1980ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಒಂಟಿ ಬೇರಿಯಂ ಅಯಾನಿನ ಫೋಟೋ ತೆಗೆದರು. 1995ರಲ್ಲಿ ಇಗ್ನಾಸಿಯೊ ಸಿರಾಕ್ ಮತ್ತು ಪೀಟರ್ ಝೋಲರ್, ಇಂಥ ಅಯಾನುಗಳಿಂದ ಕ್ವಾಂಟಂ ಕಂಪ್ಯೂಟರ್ ಕಟ್ಟಬಹುದು ಎಂದರು. ಅದೇ ವರ್ಷ ಅಮೆರಿಕದ ಬೋಲ್ಡರ್‌ನಲ್ಲಿ ಕ್ರಿಸ್ ಮನ್ರೋ, ಡೇವಿಡ್ ವೈನ್‌ಲ್ಯಾಂಡ್ ಮತ್ತು ಸಂಗಡಿಗರು ಒಂದೇ ಬೆರಿಲಿಯಂ ಅಯಾನಿನಲ್ಲಿ ಮೊದಲ ಲೆಕ್ಕ ಮಾಡಿ ತೋರಿಸಿದರು.

ಅವರು ಅಯಾನನ್ನು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟಿಸಿದ್ದು ಎರಡು ಲೇಸರ್ ಕಿರಣಗಳಿಂದ. ಒಂದರಿಂದ ಪಡೆದು, ಇನ್ನೊಂದಕ್ಕೆ ಕೊಟ್ಟು, ಉಳಿದ ವ್ಯತ್ಯಾಸದಲ್ಲಿ ಅಯಾನು ದಾಟುತ್ತದೆ. ಪ್ರಯೋಗಾಲಯಗಳಲ್ಲಿ ಇವಕ್ಕೆ ರಾಮನ್ ಕಿರಣಗಳೆಂದೇ ಹೆಸರು. ಒಂದೊಂದು ಕಿರಣ ಸೆಕೆಂಡಿಗೆ ಸುಮಾರು 958 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಬೇಕಾದ ಅಂತರ ಬರೀ 125 ಕೋಟಿ.

ಯಾಕೆ ಎರಡು ಕಿರಣ? ಯಾವ ಲೇಸರೂ ಪೂರ್ತಿ ತಾಳಕ್ಕೆ ನಡೆಯುವುದಿಲ್ಲ, ನಡುನಡುವೆ ಎಡವುತ್ತದೆ. ಈ ಎಡವಾಟವೇ ಲೇಸರಿನ ಗದ್ದಲ. ಕೆಲವು ಕಡೆ, ಉದಾಹರಣೆಗೆ ಇನ್ಸ್‌ಬ್ರುಕ್‌ನ ಕ್ಯಾಲ್ಸಿಯಂ ಅಯಾನಿನಲ್ಲಿ, ದಾಟಿಸುವ ಕೆಲಸ ಒಂದೇ ಕಿರಣದ್ದು. ಅಲ್ಲಿ ಲೇಸರ್ ಎಡವಿದರೆ ಸ್ಥಿತಿಯೂ ಎಡವುತ್ತದೆ. ಅದಕ್ಕೇ ಆ ಲೇಸರನ್ನು ಅಷ್ಟೊಂದು ಪಳಗಿಸಬೇಕು. ಎರಡು ಕಿರಣಗಳನ್ನೂ ಒಂದೇ ಲೇಸರಿನಿಂದ ಸೀಳಿ ತೆಗೆದರೆ ಮಾತು ಬೇರೆ. ಕುದೂರಿನಿಂದ ಮಾಗಡಿಗೆ ಹೋಗುವ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತ ಇಬ್ಬರು ಗುಂಡಿ ಬಂದಾಗ ಒಟ್ಟಿಗೇ ಎಗರುತ್ತಾರೆ. ನಡುವಿನ ಅಂತರ ಬದಲಾಗುವುದಿಲ್ಲ.

ಎಲ್ಲ ಗದ್ದಲವೂ ಹೀಗೆ ಕಳೆದುಹೋಗುವುದಿಲ್ಲ. ಎರಡು ಕಿರಣಗಳು ಬೇರೆ ಬೇರೆ ಕನ್ನಡಿಗಳಿಂದ ಬಂದರೆ ಒಂದು ಕನ್ನಡಿಯ ನಡುಕವೂ ಲೆಕ್ಕಕ್ಕೆ ಬರುತ್ತದೆ. ಬೆಳಕಿನ ಪ್ರಖರತೆ ಏರಿಳಿದರೆ ಅಯಾನು ಅರ್ಧ ದಾಟಿ ನಿಲ್ಲುತ್ತದೆ, ಇಲ್ಲವೇ ದಾಟಿ ಮುಂದಕ್ಕೆ ಹೋಗುತ್ತದೆ. ಇನ್ನೊಂದು ತಮಾಷೆಯೂ ಉಂಟು. ಲೇಸರನ್ನು ಸುಮ್ಮನಿರಿಸುವ ಸರ್ಕ್ಯೂಟೇ ಗದ್ದಲ ಮಾಡುತ್ತದೆ. ತರಗತಿಯಲ್ಲಿ 'ಸುಮ್ನಿರ್ರೋ' ಎಂದು ತಡವಾಗಿ ಕೂಗುವ ಮಾನಿಟರ್ ಇದ್ದ ಹಾಗೆ. ವೇಗದ ಅಲುಗಾಟಕ್ಕೆ ಅದರ ತಿದ್ದುಪಡಿ ಹೊತ್ತು ಮೀರಿ ಬಂದು, ಎಳೆಯಬೇಕಾದಲ್ಲಿ ತಳ್ಳುತ್ತದೆ. ಬಲೆಯಲ್ಲಿ ಅಯಾನು ತೂಗುವ ಲಯಕ್ಕೇ ಆ ಗದ್ದಲ ಕೂಡಿಬಂದರೆ ಸಣ್ಣದೂ ದೊಡ್ಡ ಹಾನಿ ಮಾಡುತ್ತದೆ.

ಹೋದ ಫೆಬ್ರವರಿಯಲ್ಲಿ ಊರಿನ ಮಕ್ಕಳಿಗೆ ಇಷ್ಟು ಹೇಳಿ ಮುಗಿಸಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. 'ಸಾರ್, ಎರಡೂ ಒಂದೇ ಲೇಸರಿನಿಂದ ಬಂದರೆ ಬಣ್ಣ ಬೇರೆ ಆಗೋದು ಹೆಂಗೆ?'

ಮುಖ್ಯವಾದದ್ದನ್ನೇ ನಾನು ಬಿಟ್ಟಿದ್ದೆ. ಸೀಳಿದ ಬೆಳಕನ್ನು ಸ್ಫಟಿಕದ ಮೂಲಕ ಹಾಯಿಸಿ, ಆ ಸ್ಫಟಿಕದೊಳಗೆ ಶಬ್ದದ ಅಲೆ ಹರಿಸುತ್ತಾರೆ. ಅಲೆಯ ಆವರ್ತನದಷ್ಟೇ ಬೆಳಕಿನ ಆವರ್ತನವೂ ಸರಿಯುತ್ತದೆ. ಆ ಅಲೆಯನ್ನು ಎಬ್ಬಿಸುವುದು ರೇಡಿಯೊ ಸಂಕೇತ. ಅದನ್ನು ಸುಮ್ಮನಿರಿಸುವುದು ಬೆಳಕನ್ನು ಸುಮ್ಮನಿರಿಸುವುದಕ್ಕಿಂತ ಬಹಳ ಸುಲಭ.

'ಹಂಗಾದ್ರೆ ಅಂತರ ರೇಡಿಯೊದ್ದು' ಎಂದು ಹೇಳಿ ಅವಳು ಕೂತಳು.