ಸ್ಲೀಪಿಂಗ್ ಬ್ಯಾಗ್

ಸ್ಲೀಪಿಂಗ್ ಬ್ಯಾಗ್ ಅಥವಾ ಮಲಗುಚೀಲವು ಬಯಲಿನಲ್ಲಿ, ಟೆಂಟಿನಲ್ಲಿ ಅಥವಾ ಪ್ರಯಾಣದ ತಂಗುದಾಣದಲ್ಲಿ ರಾತ್ರಿ ಮಲಗಲು ಬಳಸುವ, ಒಳಹೊಕ್ಕು ಜಿಪ್ ಎಳೆದುಕೊಳ್ಳಬಹುದಾದ ಉಷ್ಣನಿರೋಧಕ ಹೊದಿಕೆ. ಚಾರಣಿಗರು, ಶಿಲಾರೋಹಿಗಳು, ಸೈನಿಕರು ಮತ್ತು ಪರ್ವತಾರೋಹಿಗಳು ಇದನ್ನು ಬಳಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಇದೇ ಅಗತ್ಯವನ್ನು ಕೌದಿ ಮತ್ತು ಕಂಬಳಿಗಳು ಬಹುಕಾಲದಿಂದ ಪೂರೈಸುತ್ತ ಬಂದಿವೆ. ಸ್ಲೀಪಿಂಗ್ ಬ್ಯಾಗಿನ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಅದರ ಬೆಲೆಯಲ್ಲ. ಅದನ್ನು ಬಳಸುವ ಸ್ಥಳದ ರಾತ್ರಿಯ ಕನಿಷ್ಠ ಉಷ್ಣತೆ, ನೆಲದ ಸ್ವರೂಪ ಮತ್ತು ತೇವಾಂಶ.

ಕಾರ್ಯವಿಧಾನ

ಸ್ಲೀಪಿಂಗ್ ಬ್ಯಾಗ್ ತಾನಾಗಿ ಶಾಖವನ್ನು ಉತ್ಪಾದಿಸುವುದಿಲ್ಲ. ದೇಹವು ಹೊರಸೂಸುವ ಶಾಖವನ್ನು ಹೊರಹೋಗದಂತೆ ತಡೆಯುವುದಷ್ಟೇ ಅದರ ಕೆಲಸ. ಚೀಲದೊಳಗೆ ತುಂಬಿದ ನಾರು ಅಥವಾ ತುಪ್ಪುಳಿನ ಎಳೆಗಳ ನಡುವೆ ನಿಶ್ಚಲ ಗಾಳಿ ಸಿಕ್ಕಿಕೊಳ್ಳುತ್ತದೆ. ನಿಶ್ಚಲ ಗಾಳಿ ಶಾಖದ ಅವಾಹಕವಾಗಿರುವುದರಿಂದ ಒಳಗಿನ ಬಿಸುಪು ನಿಧಾನವಾಗಿ ಮಾತ್ರ ಹೊರಹೋಗುತ್ತದೆ. ಆದ್ದರಿಂದ ಚೀಲವು ಎಷ್ಟು ಉಬ್ಬಿ ನಿಲ್ಲುತ್ತದೆಯೋ ಅಷ್ಟು ಬೆಚ್ಚಗಿರುತ್ತದೆ.

ಮಲಗಿದಾಗ ಬೆನ್ನಿನ ಕೆಳಗಿನ ಭಾಗ ದೇಹದ ಭಾರಕ್ಕೆ ಚಪ್ಪಟೆಯಾಗಿ, ಅಲ್ಲಿನ ಗಾಳಿ ಹೊರಹೋಗುತ್ತದೆ. ಆಗ ಶಾಖವು ವಹನದ ಮೂಲಕ ನೇರವಾಗಿ ನೆಲಕ್ಕೆ ಸೇರುತ್ತದೆ. ಈ ಕಾರಣದಿಂದ ಎಷ್ಟೇ ಉತ್ತಮ ಚೀಲವಾದರೂ ಅದರ ಕೆಳಗೆ ಫೋಮ್ ಮ್ಯಾಟ್ ಅಥವಾ ದಪ್ಪನೆಯ ಹಾಸು ಅಗತ್ಯ.

ಇತಿಹಾಸ

ಮಾರುಕಟ್ಟೆಗೆ ಬಂದ ಮೊದಲ ಮಲಗುಚೀಲಗಳಲ್ಲಿ ಒಂದೆಂದು ವೇಲ್ಸ್‌ನ ನ್ಯೂಟೌನ್ ಪಟ್ಟಣದ ವರ್ತಕ ಪ್ರೈಸ್ ಪ್ರೈಸ್-ಜೋನ್ಸ್ 1876ರಲ್ಲಿ ಪೇಟೆಂಟ್ ಪಡೆದ ‘ಯೂಕ್ಲಿಸಿಯಾ ರಗ್’ ಅನ್ನು ಗುರುತಿಸಲಾಗುತ್ತದೆ. ಅದು ಮೂಲತಃ ಮಡಿಸಿ ಮುಚ್ಚಿಕೊಳ್ಳಬಹುದಾದ ಉಣ್ಣೆಯ ಹೊದಿಕೆ. ಗಾಳಿ ತುಂಬುವ ದಿಂಬಿಗೂ ಅದರಲ್ಲಿ ಅವಕಾಶವಿತ್ತು. ರಷ್ಯಾದ ಸೈನ್ಯ ಅಂತಹ 60,000 ಚೀಲಗಳಿಗೆ ಬೇಡಿಕೆ ಸಲ್ಲಿಸಿತ್ತು. 1877ರಲ್ಲಿ ಪ್ಲೆವ್ನಾ ಪತನವಾದ ಬಳಿಕ, ಇನ್ನೂ ಕಳುಹಿಸದೆ ಉಳಿದಿದ್ದ 17,000 ಚೀಲಗಳ ಬೇಡಿಕೆ ರದ್ದಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಉಣ್ಣೆಯ ಸ್ಥಾನವನ್ನು ಹಕ್ಕಿಯ ತುಪ್ಪುಳು, ಅನಂತರ ಪಾಲಿಯೆಸ್ಟರ್ ನಾರು ಪಡೆದುಕೊಂಡವು.

ಆಕಾರ ಮತ್ತು ತುಂಬುವ ವಸ್ತು

ಆಕಾರದ ದೃಷ್ಟಿಯಿಂದ ಮುಖ್ಯವಾಗಿ ಎರಡು ಬಗೆಗಳಿವೆ. ಆಯತಾಕಾರದ ಚೀಲದಲ್ಲಿ ಕೈಕಾಲು ಚಾಚಲು ಅವಕಾಶ ಹೆಚ್ಚು. ಜಿಪ್ ಪೂರ್ತಿ ಬಿಚ್ಚಿ ಅದನ್ನು ರಜಾಯಿಯಂತೆ ಹಾಸಿ ಹೊದೆಯಬಹುದು. ಈಜಿಪ್ಟಿನ ಮಮ್ಮಿಯನ್ನು ಹೋಲುವ, ಪಾದದ ಕಡೆಗೆ ಕಿರಿದಾಗುವ ‘ಮಮ್ಮಿ’ ಚೀಲದಲ್ಲಿ ತಲೆಗೆ ಮುಸುಕು ಇರುತ್ತದೆ. ಒಳಗಿನ ಖಾಲಿ ಜಾಗ ಕಡಿಮೆಯಾದ್ದರಿಂದ ಅದು ಬೇಗ ಬೆಚ್ಚಗಾಗುತ್ತದೆ ಮತ್ತು ಹಗುರವಾಗಿರುತ್ತದೆ.

ಬೆಚ್ಚನೆಯ ಚೀಲಗಳಲ್ಲಿ ತುಂಬುವ ವಸ್ತುಗಳು ಮುಖ್ಯವಾಗಿ ಎರಡು. ಬಾತುಕೋಳಿ ಅಥವಾ ಹೆಬ್ಬಾತುವಿನ ಮೃದು ತುಪ್ಪುಳು, ಅಂದರೆ ಡೌನ್, ತೂಕಕ್ಕೆ ಹೋಲಿಸಿದರೆ ಅತ್ಯಂತ ಬೆಚ್ಚಗಿರುತ್ತದೆ ಮತ್ತು ಸಣ್ಣ ಗಾತ್ರಕ್ಕೆ ಮಡಿಕೆಯಾಗುತ್ತದೆ. ಆದರೆ ಒದ್ದೆಯಾದರೆ ಉಬ್ಬು ಕಳೆದುಕೊಳ್ಳುತ್ತದೆ, ಒಣಗಲು ಬಹಳ ಸಮಯ ಬೇಕು, ಬೆಲೆಯೂ ಹೆಚ್ಚು. ಪಾಲಿಯೆಸ್ಟರ್ ನಾರಿನ ಸಿಂಥೆಟಿಕ್ ಚೀಲ ಭಾರವೂ ದಪ್ಪವೂ ಆಗಿದ್ದರೂ ಅಗ್ಗ. ತೇವವಾದಾಗಲೂ ಸ್ವಲ್ಪಮಟ್ಟಿಗೆ ಬಿಸುಪು ಉಳಿಸಿಕೊಂಡು ಬೇಗ ಒಣಗುತ್ತದೆ. ಕಡಿಮೆ ಬೆಲೆಯ ಚೀಲಗಳಲ್ಲಿ ಹೆಚ್ಚಿನವು ಈ ಬಗೆಯವು.

ಉಷ್ಣತಾ ಮಿತಿಗಳು

ಚೀಲದ ಬೆಚ್ಚನೆಯನ್ನು ಪ್ರಯೋಗಾಲಯದಲ್ಲಿ ಶಾಖ ಸೂಸುವ ಮಾನವಾಕೃತಿಯ ಬೊಂಬೆಯ ಮೂಲಕ ಅಳೆಯಲಾಗುತ್ತದೆ. ಯುರೋಪಿನ ಇಎನ್ 13537 ಮಾನದಂಡದ ಬಳಿಕ ಈಗ ಐಎಸ್ಒ 23537 ಬಳಕೆಯಲ್ಲಿದೆ. ಇದರ ಪ್ರಕಾರ ಗ್ರಾಹಕರು ಗಮನಿಸಬೇಕಾದ ಮುಖ್ಯ ಮಿತಿಗಳು ಮೂರು.

• ಆರಾಮ ಮಿತಿ (ಕಂಫರ್ಟ್): ಸಾಮಾನ್ಯ ಮೈಕಟ್ಟಿನ ಮಹಿಳೆಯೊಬ್ಬರು ಸಹಜ ಭಂಗಿಯಲ್ಲಿ ಚಳಿಯಾಗದೆ ನಿದ್ರಿಸಬಹುದಾದ ಉಷ್ಣತೆ.
• ಕೆಳಮಿತಿ (ಲಿಮಿಟ್): ಸಾಮಾನ್ಯ ಮೈಕಟ್ಟಿನ ಪುರುಷರೊಬ್ಬರು ಮುದುಡಿಕೊಂಡು ನಿದ್ರಿಸಬಹುದಾದ ಉಷ್ಣತೆ.
• ತೀವ್ರ ಮಿತಿ (ಎಕ್ಸ್‌ಟ್ರೀಮ್): ಜೀವ ಉಳಿಯಬಹುದಾದರೂ ದೇಹದ ಉಷ್ಣತೆ ಅಪಾಯಕರವಾಗಿ ಕುಸಿಯುವ ಸಾಧ್ಯತೆ ಇರುವ ಉಷ್ಣತೆ.

ಆರಾಮ ಮಿತಿಗೂ ತೀವ್ರ ಮಿತಿಗೂ ನಡುವೆ 15 ಡಿಗ್ರಿಗಿಂತ ಹೆಚ್ಚು ಅಂತರವಿರುವುದು ಸಾಮಾನ್ಯ. ಅಗ್ಗದ ಚೀಲಗಳ ಮೇಲೆ ಯಾವ ಮಿತಿಯೆಂದು ತಿಳಿಸದೆ ಒಂದೇ ಸಂಖ್ಯೆ ಮುದ್ರಿಸಿರುವುದುಂಟು. ಅಂತಹ ಸಂಖ್ಯೆಯನ್ನು ಆರಾಮ ಮಿತಿಯೆಂದು ನಂಬಿ ಎತ್ತರದ ಪ್ರದೇಶಕ್ಕೆ ಹೋಗುವುದು ಅಪಾಯಕ್ಕೆ ದಾರಿಯಾಗುತ್ತದೆ. ಖರೀದಿಯಲ್ಲಿ ಆರಾಮ ಮಿತಿಯನ್ನೇ ಆಧಾರವಾಗಿಟ್ಟುಕೊಂಡು, ನಿರೀಕ್ಷಿತ ಕನಿಷ್ಠ ಉಷ್ಣತೆಗಿಂತ ಸುಮಾರು 5 ಡಿಗ್ರಿ ಕಡಿಮೆ ಇರುವ ಚೀಲವನ್ನು ಆರಿಸುವುದು ಸುರಕ್ಷಿತ.

ಬಾಗಲಕೋಟೆ ಜಿಲ್ಲೆಯಲ್ಲಿ ಬಯಲು ವಾಸ್ತವ್ಯ

ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗಳು ಶಿಲಾರೋಹಣಕ್ಕೆ ಪ್ರಸಿದ್ಧ. ಬೇಸಿಗೆಯಲ್ಲಿ ಬಂಡೆಗಳು ಕಾಯುವುದರಿಂದ ಆರೋಹಿಗಳು ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿಯಲ್ಲಿ ಹೆಚ್ಚಾಗಿ ಬರುತ್ತಾರೆ. ಜಿಲ್ಲೆಯದು ಅರೆಶುಷ್ಕ ಹವಾಗುಣ. ಚಳಿಗಾಲದಲ್ಲಿ ಹಗಲಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೂ, ಮೋಡವಿಲ್ಲದ ರಾತ್ರಿಗಳಲ್ಲಿ ನೆಲ ವಿಕಿರಣದ ಮೂಲಕ ಬೇಗ ತಣಿದು, ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಶೀತಗಾಳಿಯ ದಿನಗಳಲ್ಲಿ ಇದು ಇನ್ನೂ ಕಡಿಮೆಯಾಗುತ್ತದೆ.

ಬಯಲಿನಲ್ಲಿ ರಾತ್ರಿ ಕಳೆಯುವುದು ಇಲ್ಲಿಗೆ ಹೊಸ ಸಂಗತಿಯಲ್ಲ. ಬಾದಾಮಿ ಸಮೀಪದ ಬನಶಂಕರಿ ಜಾತ್ರೆ ಪುಷ್ಯ ಮಾಸದ ಬನದ ಹುಣ್ಣಿಮೆಯಂದು, ಅಂದರೆ ಚಳಿಯ ನಡುವೆ, ನಡೆಯುತ್ತದೆ. ಭಕ್ತರು ಕಾಲ್ನಡಿಗೆಯಲ್ಲೂ ಚಕ್ಕಡಿಗಳಲ್ಲೂ ಹಾಸಿಗೆ-ಹೊದಿಕೆ ಸಮೇತ ಬರುವುದು, ವೃತ್ತಿ ರಂಗಭೂಮಿಯ ಕಂಪನಿಗಳು ಕ್ಯಾಂಪ್ ಹಾಕಿ ರಾತ್ರಿಯಿಡೀ ನಾಟಕವಾಡುವುದು ಈ ಜಾತ್ರೆಯ ವಿಶೇಷ. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಶರಣಮೇಳ ಜರುಗುವುದೂ ಜನವರಿಯಲ್ಲೇ. ಕೃಷ್ಣಾ ಮತ್ತು ಮಲಪ್ರಭಾ ನದಿಗಳು ಕೂಡುವ ಈ ಸ್ಥಳದಲ್ಲಿ ಚಳಿಯ ಜೊತೆಗೆ ನದಿತೀರದ ತೇವವೂ ಇರುತ್ತದೆ. ಯುಗಾದಿಗೆ ಮುನ್ನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರ ಸ್ಥಿತಿ ಭಿನ್ನ. ಆ ವೇಳೆಗೆ ಬೇಸಿಗೆ ಕಾಲಿಟ್ಟಿರುವುದರಿಂದ ಅವರಿಗೆ ಬೆಚ್ಚನೆಯ ಚೀಲಕ್ಕಿಂತ ಹಗುರವಾದ ಹಾಸು, ಹೊದೆಯಲು ಚಾದರ ಮತ್ತು ಸೊಳ್ಳೆಯಿಂದ ರಕ್ಷಣೆ ಮುಖ್ಯ.

ಕೌದಿ

ಹಳೆಯ ಸೀರೆ, ಧೋತರ ಮತ್ತು ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ, ದಪ್ಪ ದಾರದಿಂದ ಒತ್ತೊತ್ತಾಗಿ ಸಾಲುಹೊಲಿಗೆ ಹಾಕಿ ಕೌದಿಯನ್ನು ಸಿದ್ಧಪಡಿಸುತ್ತಾರೆ. ಪದರಗಳ ನಡುವೆ ಗಾಳಿ ಉಳಿಯುವುದರಿಂದ ಇದೂ ಸ್ಲೀಪಿಂಗ್ ಬ್ಯಾಗಿನ ತತ್ವದಂತೆಯೇ ಕೆಲಸ ಮಾಡುತ್ತದೆ. ಪದೇ ಪದೇ ಒಗೆದು ಮೆತ್ತಗಾದ ಇಳಕಲ್ ಸೀರೆಗಳು ಕೌದಿಗೆ ಒದಗುತ್ತವೆ. ಒಂಬತ್ತು ಗಜದ, ಅಂದರೆ ಸುಮಾರು 8.2 ಮೀಟರ್ ಉದ್ದದ ಸೀರೆಯನ್ನು ನಾಲ್ಕಾಗಿ ಮಡಿಸಿದರೆ ತಲಾ ಎರಡು ಮೀಟರ್ ಉದ್ದದ, ಒಬ್ಬರು ಹೊದೆಯುವಷ್ಟು ಅಗಲದ ನಾಲ್ಕು ಪದರಗಳು ದೊರೆಯುತ್ತವೆ. ಕೌದಿ ಹಾಸಲೂ ಹೊದೆಯಲೂ ಬರುತ್ತದೆ. ಭಾರ ಹೆಚ್ಚು ಎನ್ನುವುದು ಮತ್ತು ಹತ್ತಿ ನೀರನ್ನು ಹೀರಿ ಬೇಗ ಒಣಗದಿರುವುದು ಇದರ ಮಿತಿಗಳು.

ಕಂಬಳಿ

ಕುರುಬ ಸಮುದಾಯದವರು ಡೆಕ್ಕನಿ ತಳಿಯ ಕುರಿಗಳ ಉಣ್ಣೆಯಿಂದ ಕಂಬಳಿಯನ್ನು ನೇಯುತ್ತಾರೆ. ಹಾಸಿನ ನೂಲಿಗೆ ಹುಣಸೆ ಬೀಜದ ಸರಿಯನ್ನು ಹಚ್ಚುವುದರಿಂದ ಅದಕ್ಕೆ ಬಿಗಿ ಬರುತ್ತದೆ. ಉಣ್ಣೆಯು ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆಯೆನಿಸದು. ಆದ್ದರಿಂದ ಇಬ್ಬನಿ ಬೀಳುವ ಹೊಲಗಳಲ್ಲಿ ಕುರಿಮಂದೆಯೊಡನೆ ಮಲಗುವ ಕುರಿಗಾಹಿಗಳಿಗೆ ಕಂಬಳಿ ಅತ್ಯುಪಯುಕ್ತ. ಮಳೆಯಲ್ಲಿ ಅದನ್ನೇ ಮಡಿಸಿ ತಲೆಯಿಂದ ಬೆನ್ನಿನವರೆಗೆ ಕೊಪ್ಪೆಯಾಗಿ ಧರಿಸುತ್ತಾರೆ.

ಕಡಿಮೆ ವೆಚ್ಚದ ಆಯ್ಕೆ

| ಹೊದಿಕೆ | ತೂಕ | ಒದ್ದೆಯಾದಾಗ | ಸೂಕ್ತ ಸಂದರ್ಭ |
|---|---|---|---|
| ಕೌದಿ | ಹೆಚ್ಚು | ಬಿಸುಪು ಕಳೆದುಕೊಳ್ಳುತ್ತದೆ | ವಾಹನದಲ್ಲಿ ಬಂದು ತಂಗುವವರಿಗೆ |
| ಕಂಬಳಿ | ಹೆಚ್ಚು | ಸಾಕಷ್ಟು ಬೆಚ್ಚಗಿರುತ್ತದೆ | ಇಬ್ಬನಿ, ತುಂತುರು ಇರುವೆಡೆ |
| ಸಿಂಥೆಟಿಕ್ ಚೀಲ | ಮಧ್ಯಮ | ಸ್ವಲ್ಪ ಬೆಚ್ಚಗಿರುತ್ತದೆ | ಕರ್ನಾಟಕದ ಚಾರಣಗಳಿಗೆ |
| ಡೌನ್ ಚೀಲ | ಕಡಿಮೆ | ಬಿಸುಪು ಕಳೆದುಕೊಳ್ಳುತ್ತದೆ | ಹಿಮಾಲಯದ ಒಣಚಳಿಗೆ |

ಬಾದಾಮಿಯಂತಹ ಸ್ಥಳದ ಚಳಿಗಾಲಕ್ಕೆ ಸುಮಾರು 10 ಡಿಗ್ರಿ ಆರಾಮ ಮಿತಿಯ ಸಿಂಥೆಟಿಕ್ ಚೀಲ ಸಾಕಾಗುತ್ತದೆ. ಸೊನ್ನೆಗಿಂತ ಕೆಳಗಿನ ಉಷ್ಣತೆಗೆಂದು ತಯಾರಿಸಿದ ದುಬಾರಿ ಚೀಲದಲ್ಲಿ ಇಲ್ಲಿ ಮೈ ಬೆವರಿ, ಒಳಗಿನ ಬಟ್ಟೆ ಒದ್ದೆಯಾಗುವ ಸಂಭವವೇ ಹೆಚ್ಚು. ಹೊರೆ ಹೊತ್ತು ನಡೆಯಬೇಕಿಲ್ಲದವರಿಗೆ ಮನೆಯಲ್ಲಿರುವ ಕೌದಿ, ಅದರ ಕೆಳಗೊಂದು ಫೋಮ್ ಮ್ಯಾಟ್ ಮತ್ತು ನೆಲದ ತೇವ ತಡೆಯುವ ತಾಡಪತ್ರಿ ಇದ್ದರೆ ಹೊಸದಾಗಿ ಏನನ್ನೂ ಕೊಳ್ಳುವ ಅಗತ್ಯವಿಲ್ಲ.

ವೆಚ್ಚ ತಗ್ಗಿಸುವ ಇತರ ಮಾರ್ಗಗಳು:

• ಹಣ ಸೀಮಿತವಾಗಿದ್ದರೆ ಮೊದಲು ಉತ್ತಮ ಮ್ಯಾಟ್ ಕೊಳ್ಳುವುದು. ಸಾಧಾರಣ ಚೀಲವೂ ಅದರ ಮೇಲೆ ಹೆಚ್ಚು ಬೆಚ್ಚಗಿರುತ್ತದೆ.
• ಹಳೆಯ ಹತ್ತಿ ಸೀರೆಯನ್ನು ಉದ್ದನೆಯ ಚೀಲದಂತೆ ಹೊಲಿದು ಒಳಪದರವಾಗಿ ಬಳಸುವುದು. ಇದರಿಂದ ಬೆಚ್ಚನೆ ತುಸು ಹೆಚ್ಚುತ್ತದೆ, ಚೀಲವೂ ಕೊಳೆಯಾಗುವುದಿಲ್ಲ.
• ಕೊಳ್ಳುವ ಮುನ್ನ ಒಳಹೊಕ್ಕು ಮಲಗಿ ಉದ್ದವನ್ನು ಪರೀಕ್ಷಿಸುವುದು. ಜಿಪ್ ಬಟ್ಟೆಗೆ ಸಿಕ್ಕಿಕೊಳ್ಳದೆ ಎರಡೂ ಬದಿಯಿಂದ ತೆರೆಯುತ್ತದೆಯೇ ಎಂದು ನೋಡುವುದು.
• ಅಪರೂಪಕ್ಕೊಮ್ಮೆ ಕೈಗೊಳ್ಳುವ ಹಿಮಾಲಯ ಚಾರಣಕ್ಕೆ ಚೀಲವನ್ನು ಬಾಡಿಗೆಗೆ ಪಡೆಯುವುದು. ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಂತಹ ತರಬೇತಿ ಕೇಂದ್ರಗಳು ಶಿಬಿರಾರ್ಥಿಗಳಿಗೆ ಸಲಕರಣೆಗಳನ್ನು ಒದಗಿಸುತ್ತವೆ.

ಬಾದಾಮಿಗೆ ಸಾಕಾಗುವ ಚೀಲ ಹಿಮಾಲಯಕ್ಕೆ ಸಾಲದು. ಅಲ್ಲಿ ಉಳಿತಾಯಕ್ಕಿಂತ ಸುರಕ್ಷತೆಯೇ ಮುಖ್ಯ.

ಸುರಕ್ಷತೆ

ಮೈನಡುಕ, ತೊದಲು ಮಾತು, ಗೊಂದಲ ಮತ್ತು ಅತಿಯಾದ ತೂಕಡಿಕೆ ದೇಹದ ಉಷ್ಣತೆ ಕುಸಿಯುತ್ತಿರುವುದರ ಲಕ್ಷಣಗಳು. ಅಂತಹವರ ಒದ್ದೆ ಬಟ್ಟೆ ಬದಲಿಸಿ, ನೆಲದಿಂದ ಬೇರ್ಪಡಿಸಿ, ಬೆಚ್ಚಗೆ ಹೊದಿಸಿ, ತಡಮಾಡದೆ ವೈದ್ಯಕೀಯ ನೆರವು ಪಡೆಯಬೇಕು. ಚಳಿಯೆಂದು ಮುಚ್ಚಿದ ಟೆಂಟಿನೊಳಗೆ ಇದ್ದಿಲು ಅಥವಾ ಸ್ಟೌ ಉರಿಸಬಾರದು. ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್ ಅನಿಲ ನಿದ್ರೆಯಲ್ಲೇ ಪ್ರಾಣ ತೆಗೆಯಬಲ್ಲದು. ಕಲ್ಲುನೆಲದಲ್ಲಿ ಚೇಳುಗಳಿರುವ ಸಾಧ್ಯತೆಯಿಂದಾಗಿ ಚೀಲವನ್ನು ಮಲಗುವ ಹೊತ್ತಿಗೆ ಮಾತ್ರ ಬಿಚ್ಚಿ, ಕೊಡವಿ, ಒಳಹೋಗಬೇಕು. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ. ಇತರೆಡೆ ಜಮೀನಿನ ಮಾಲೀಕರ ಅಥವಾ ಅರಣ್ಯ ಇಲಾಖೆಯ ಅನುಮತಿ ಅಗತ್ಯ.

ನಿರ್ವಹಣೆ

ಪ್ರವಾಸದ ಬಳಿಕ ಚೀಲವನ್ನು ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಬಹುಕಾಲ ಬಿಗಿಯಾಗಿ ಸುತ್ತಿಟ್ಟರೆ ನಾರುಗಳು ಚಪ್ಪಟೆಯಾಗಿ ಉಬ್ಬು ಕಡಿಮೆಯಾಗುವುದರಿಂದ, ಮನೆಯಲ್ಲಿ ಅದನ್ನು ಸಡಿಲವಾಗಿ ತೂಗುಹಾಕುವುದು ಅಥವಾ ದೊಡ್ಡ ಬಟ್ಟೆಯ ಚೀಲದಲ್ಲಿ ಇಡುವುದು ಒಳ್ಳೆಯದು. ಒಗೆಯುವಾಗ ಸೌಮ್ಯವಾದ ಸಾಬೂನನ್ನು ಬಳಸಿ, ಹಿಂಡದೆ ನೀರು ಇಳಿಸಬೇಕು. ಕಂಬಳಿಗೆ ನುಸಿ ಹಿಡಿಯದಂತೆ ಆಗಾಗ ಬಿಸಿಲು ಕಾಣಿಸುವುದು ರೂಢಿ.

ಇವನ್ನೂ ನೋಡಿ

• ಕೌದಿ
• ಕಂಬಳಿ
• ಇಳಕಲ್ ಸೀರೆ
• ಬಾದಾಮಿ
• ಬನಶಂಕರಿ ಜಾತ್ರೆ
• ಚಾರಣ