ಆಸ್ಟ್ರೇಲಿಯಾದಲ್ಲಿ ಕಾಳ್ಗಿಚ್ಚು ಆರಿಸುವವರಿಗೆ ಸಂಬಳ ಎಷ್ಟು?

ಅಕ್ಟೋಬರ್ ಬಂತೆಂದರೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಕಾಳ್ಗಿಚ್ಚಿನ ಕಾಲ ಶುರು. ಅದು ಮುಗಿಯುವುದು ಮಾರ್ಚ್ ಕೊನೆಗೆ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನಮ್ಮವರೂ ಇರುವುದರಿಂದ ಅಲ್ಲಿನ ಕೆಂಪು ಆಕಾಶದ ಫೋಟೊಗಳು ನಮ್ಮ ಮೊಬೈಲಿಗೂ ಬಂದು ಬೀಳುತ್ತವೆ. ಅವುಗಳಲ್ಲಿ ಹಳದಿ ಸಮವಸ್ತ್ರ ತೊಟ್ಟು ಬೆಂಕಿಯ ಎದುರು ನಿಂತವರು ಕಾಣುತ್ತಾರೆ. ಅವರು ಯಾರು? ಅವರಿಗೆ ಎಷ್ಟು ಸಂಬಳ? ನೋಡೋಣ.

ಅವರು ಸರ್ಕಾರಿ ನೌಕರರೇ?

ಹೆಚ್ಚಿನವರು ಅಲ್ಲ. ದೊಡ್ಡ ನಗರಗಳಲ್ಲಿ ಸಂಬಳದ ಅಗ್ನಿಶಾಮಕ ಸಿಬ್ಬಂದಿ ಇದ್ದಾರೆ. ರಾಷ್ಟ್ರೀಯ ಉದ್ಯಾನಗಳ ನೌಕರರೂ ಬೆಂಕಿ ಆರಿಸುತ್ತಾರೆ. ಆದರೆ ಹಳ್ಳಿ ಮತ್ತು ಕಾಡಂಚಿನ ಊರುಗಳನ್ನು ಕಾಯುವವರು ಬಹುಪಾಲು ಸ್ವಯಂಸೇವಕರು. ನ್ಯೂ ಸೌತ್ ವೇಲ್ಸ್‌ನ ರೂರಲ್ ಫೈರ್ ಸರ್ವಿಸ್‌ನಲ್ಲಿ 70 ಸಾವಿರಕ್ಕೂ ಹೆಚ್ಚು ಸ್ವಯಂಸೇವಕರಿದ್ದಾರೆ. ಪಕ್ಕದ ವಿಕ್ಟೋರಿಯಾ ರಾಜ್ಯದಲ್ಲಿ ಇದೇ ಕೆಲಸ ಮಾಡುವ ಕಂಟ್ರಿ ಫೈರ್ ಅಥಾರಿಟಿ 1945ರಿಂದ ಇದೆ. ರೈತರು, ಶಿಕ್ಷಕರು, ಪ್ಲಂಬರ್‌ಗಳು, ಅಂಗಡಿಯವರು, ನಿವೃತ್ತರು ಹೀಗೆ ಎಲ್ಲರೂ ಇವುಗಳಲ್ಲಿದ್ದಾರೆ. ತರಬೇತಿ ಪಡೆದ ಮೇಲೆಯೇ ಬೆಂಕಿಯ ಬಳಿಗೆ ಹೋಗಲು ಅವಕಾಶ. ಸಂಬಳ ಮಾತ್ರ ಸೊನ್ನೆ.

2019ರ ಡಿಸೆಂಬರ್‌ನಲ್ಲಿ ಕಾಳ್ಗಿಚ್ಚು ತಿಂಗಳುಗಟ್ಟಲೆ ಆರದೇ ಇದ್ದಾಗ, ಅಲ್ಲಿನ ಕೇಂದ್ರ ಸರ್ಕಾರ ಒಂದು ಪರಿಹಾರ ಘೋಷಿಸಿತು. ನ್ಯೂ ಸೌತ್ ವೇಲ್ಸ್‌ನಲ್ಲಿ 10 ದಿನಕ್ಕಿಂತ ಹೆಚ್ಚು ದುಡಿದು, ತಮ್ಮ ಆದಾಯ ಕಳೆದುಕೊಂಡವರಿಗೆ ದಿನಕ್ಕೆ ಗರಿಷ್ಠ 300 ಡಾಲರ್, ಒಟ್ಟು 6,000 ಡಾಲರ್ ಮೀರದಂತೆ. ಅದು ಸಂಬಳವಲ್ಲ, ಕೈತಪ್ಪಿದ ದುಡಿಮೆಗೆ ಕೊಟ್ಟ ಆಸರೆ.

ವಿಮಾನದಿಂದ ನೀರು ಸುರಿದರೆ ಬೆಂಕಿ ಆರುವುದಿಲ್ಲವೇ?

ಈ ವಿಡಿಯೊಗಳು ಬೇಗ ವೈರಲ್ ಆಗುತ್ತವೆ. ಆದರೆ ವಿಮಾನ, ಹೆಲಿಕಾಪ್ಟರ್‌ಗಳು ಬೆಂಕಿಯ ವೇಗ ತಗ್ಗಿಸುತ್ತವೆ ಅಷ್ಟೆ. ನೆಲದ ಮೇಲಿನ ಕೆಲಸ ಜನರದ್ದೇ. ಕಸಕಡ್ಡಿ ತೆಗೆದು ಬರಿ ಮಣ್ಣಿನ ಗೆರೆ ಮಾಡಬೇಕು. ಬೆಂಕಿ ಬರುವ ಮೊದಲೇ ಅದರ ದಾರಿಯ ಒಣ ಹುಲ್ಲನ್ನು ಹದವಾಗಿ ಸುಡಬೇಕು. ಬೆಂಕಿ ದಾಟಿಹೋದ ಮೇಲೂ ಹೊಗೆಯಾಡುವ ಮರದ ಬೊಡ್ಡೆಗಳನ್ನು ಒಂದೊಂದಾಗಿ ಹುಡುಕಿ ಆರಿಸಬೇಕು.

ಅಪಾಯವೂ ದೊಡ್ಡದು. 'ಬ್ಲ್ಯಾಕ್ ಸಮ್ಮರ್' ಎಂದು ಕರೆಯುವ 2019-20ರ ಕಾಳ್ಗಿಚ್ಚಿನಲ್ಲಿ 33 ಜನ ಸತ್ತರು. ಅವರಲ್ಲಿ 9 ಮಂದಿ ಬೆಂಕಿ ಆರಿಸಲು ಹೋದವರು. ಡಿಸೆಂಬರ್ 19ರಂದು ಸಿಡ್ನಿಯ ನೈರುತ್ಯಕ್ಕಿರುವ ಬಕ್ಸ್‌ಟನ್ ಬಳಿ ಮರ ಬಿದ್ದು ಟ್ರಕ್ ಉರುಳಿ ಇಬ್ಬರು ಸ್ವಯಂಸೇವಕರು ತೀರಿಕೊಂಡರು. ಇಬ್ಬರಿಗೂ ಪುಟ್ಟ ಮಕ್ಕಳಿದ್ದರು.

ಇವರ ಬೆನ್ನಿಗೆ ಯಾರಿದ್ದಾರೆ?

ಫೋಟೊದಲ್ಲಿ ಕಾಣದವರು. ಊಟ ಕಟ್ಟಿಕೊಡುವವರು, ರೇಡಿಯೊ ಬಳಿ ಕೂತು ಸಂದೇಶ ದಾಟಿಸುವವರು, ಮನೆ-ಮಕ್ಕಳನ್ನು ನೋಡಿಕೊಳ್ಳುವ ಕುಟುಂಬದವರು. ಇಂಥ ಸೇವೆಗೆ ಹೋಗುವ ನೌಕರರಿಗೆ ರಜೆ ಪಡೆಯುವ ಹಕ್ಕನ್ನು ಅಲ್ಲಿನ ಕಾನೂನು ಕೊಟ್ಟಿದೆ. ಆದರೆ ಆ ದಿನಗಳ ಸಂಬಳ ಕೊಡಲೇಬೇಕೆಂದು ಅದು ಹೇಳುವುದಿಲ್ಲ. ಹಾಗಾಗಿ ಸಂಬಳ ಕಡಿಯದೆ ಕಳಿಸುವ ಮಾಲೀಕರೂ ಈ ಸೇವೆಯ ಪಾಲುದಾರರೇ. ಬೆಂಕಿ ಆರಿದ ಮೇಲೆ ರೈತರ ಸುಟ್ಟ ಬೇಲಿಗಳನ್ನು ಕಟ್ಟಿಕೊಡುವ 'ಬ್ಲೇಜ್‌ಏಡ್' ಎಂಬ ಸ್ವಯಂಸೇವಕರ ಸಂಸ್ಥೆಯೂ ಇದೆ. ಅದು ಹುಟ್ಟಿದ್ದು 173 ಜನರನ್ನು ಬಲಿ ಪಡೆದ 2009ರ ಕಾಳ್ಗಿಚ್ಚಿನ ನಂತರ.

ನಾವು ಕೊಟ್ಟ ಹಣ ಎಲ್ಲಿಗೆ ಹೋಗುತ್ತದೆ?

2020ರ ಜನವರಿಯಲ್ಲಿ ಹಾಸ್ಯಗಾರ್ತಿ ಸೆಲೆಸ್ಟ್ ಬಾರ್ಬರ್ ಫೇಸ್‌ಬುಕ್‌ನಲ್ಲಿ ಸುಮಾರು 5.1 ಕೋಟಿ ಆಸ್ಟ್ರೇಲಿಯನ್ ಡಾಲರ್ ಸಂಗ್ರಹಿಸಿದರು. ಮನೆ ಕಳೆದುಕೊಂಡವರಿಗೆ, ಪ್ರಾಣಿಗಳಿಗೆ, ಬೇರೆ ರಾಜ್ಯಗಳಿಗೂ ಹಣ ಸಿಗುತ್ತದೆ ಎಂದು ಹಲವರು ನಂಬಿದ್ದರು. ಆದರೆ ಹಣ ಹೋಗಿದ್ದು ರೂರಲ್ ಫೈರ್ ಸರ್ವಿಸ್‌ನ ಟ್ರಸ್ಟ್ ಒಂದಕ್ಕೆ. ಟ್ರಸ್ಟಿನ ನಿಯಮದಂತೆ ಅದನ್ನು ಬೇರೆ ಸಂಸ್ಥೆಗಳಿಗೆ ಹಂಚಲು ಬರುವುದಿಲ್ಲ ಎಂದು ಅದೇ ಮೇ ತಿಂಗಳಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಗಾಯಗೊಂಡ ಹಾಗೂ ಮೃತಪಟ್ಟ ಸ್ವಯಂಸೇವಕರ ಕುಟುಂಬಗಳಿಗೆ ಬಳಸಬಹುದು ಎಂದೂ ಹೇಳಿತು. ಯಾರೂ ಮೋಸ ಮಾಡಿರಲಿಲ್ಲ. ಕೊಡುವ ಮೊದಲು ಯಾರ ಖಾತೆ, ಯಾವ ಉದ್ದೇಶ ಎಂದು ಓದಿದವರು ಕಡಿಮೆ.

ಹಾಗಾದರೆ ನಾವೇನು ಮಾಡಬಹುದು?

ದೇಣಿಗೆಯ ಲಿಂಕ್ ಬಂದರೆ, ಸಂಸ್ಥೆಯ ಸ್ವಂತ ವೆಬ್‌ಸೈಟಿಗೆ ಹೋಗಿ ನೋಡಿ. ಹಳೆ ಬಟ್ಟೆ, ತಿಂಡಿಯ ಪೊಟ್ಟಣ ಕಳಿಸಬೇಡಿ. ಅವನ್ನು ವಿಂಗಡಿಸುವುದೇ ಅಲ್ಲಿನವರಿಗೆ ಇನ್ನೊಂದು ಹೊರೆ. ಫೋಟೊ ಈ ವರ್ಷದ್ದೇ ಎಂದು ಖಚಿತವಾಗದೆ ಫಾರ್ವರ್ಡ್ ಮಾಡಬೇಡಿ.

ನಿಮ್ಮವರು ಅಲ್ಲಿ ಕಾಡಂಚಿನಲ್ಲಿದ್ದರೆ ಒಂದು ಮಾತು ಹೇಳಿ: ಚಾವಣಿಯ ನೀರಿನ ದೋಣಿಯಲ್ಲಿ ತುಂಬಿದ ಒಣ ಎಲೆ ತೆಗೆಸಲಿ, ಹೊರಡು ಎಂದಾಗ ತಡಮಾಡದೆ ಹೊರಡಲಿ. ಬೆಂಕಿಯ ಸಾಲು ಬರುವ ಮೊದಲೇ ಹಾರಿಬರುವ ಕಿಡಿಗಳಿಂದ ಹೊತ್ತಿಕೊಳ್ಳುವ ಮನೆಗಳೇ ಹೆಚ್ಚು. ಖಾಲಿ ಮಾಡಿದ ಮನೆಯೊಳಗೆ ಉಳಿದವರನ್ನು ಹುಡುಕಿಕೊಂಡು ಒಬ್ಬ ಸ್ವಯಂಸೇವಕ ಹೋಗಬೇಕಾಗಿ ಬರದಿದ್ದರೆ, ಅದಕ್ಕಿಂತ ದೊಡ್ಡ ಧನ್ಯವಾದ ಬೇರೆ ಇಲ್ಲ.